ಗೆರೆ ದಪ್ಪ, ಪೆಟ್ಟಿಗೆ ಬಿಸಿ: ಟೆಸ್ಟ್ ಉಪಕರಣದ ಪವರ್ ಸಪ್ಲೈ ತೊಂದರೆ ಹುಡುಕುವುದು ಹೇಗೆ

ನಮ್ಮ ಕೊಡಗಿನ ನಾಪೋಕ್ಲು ಕಡೆ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿಯಿತು ಅಂದರೆ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಬೆಲ್ಟಿಗೆ, ಚಪ್ಪಲಿಗೆ, ಗೋಡೆಗೆ ಎಲ್ಲ ಬೂಷ್ಟು. ಹಾಗಾಗಿ ಬೆಂಚಿನ ಮೇಲಿನ ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಉಪಕರಣ), ಪವರ್ ಸಪ್ಲೈಗಳಿಗೆ ಪ್ಲಾಸ್ಟಿಕ್ ಹೊದಿಸಿಬಿಡುತ್ತೇವೆ. ತೇವ ಒಳಗೆ ಹೋಗುವುದು ನಿಂತಿತು ಅಂದುಕೊಳ್ಳುತ್ತೇವೆ. ನಿಜಕ್ಕೂ ನಿಂತದ್ದು ಗಾಳಿ.

ಬಿಸಿಯೂ ನಾಯ್ಸೂ (ವೋಲ್ಟೇಜಿನಲ್ಲಿ ಬೇಡದ ಅಲುಗಾಟ) ಎರಡು ಬೇರೆ ಕಾಯಿಲೆ ಅಂತ ತುಂಬಾ ದಿನ ನಾನೂ ನಂಬಿದ್ದೆ. ಬಿಸಿಗೆ ಫ್ಯಾನ್ ನೋಡುವುದು, ನಾಯ್ಸಿಗೆ ಕೆಪಾಸಿಟರ್ ಬದಲಾಯಿಸುವುದು. ಆದರೆ ಪೆಟ್ಟಿಗೆ ಬಿಸಿಯಾದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗುತ್ತದೆ. ಒಣಗಿದ ಕೆಪಾಸಿಟರಿನಿಂದ ರಿಪಲ್, ಅಂದರೆ ಡಿಸಿಯ ಮೇಲೆ ಉಳಿಯುವ ಏರಿಳಿತ, ಜಾಸ್ತಿ. ಆ ರಿಪಲ್ ಕರೆಂಟೇ ಕೆಪಾಸಿಟರನ್ನು ಇನ್ನಷ್ಟು ಬಿಸಿ ಮಾಡುತ್ತದೆ. ಹೀಗೆ ಒಂದು ಇನ್ನೊಂದರ ಬಾಲ ಹಿಡಿದುಕೊಂಡು ಸುತ್ತುತ್ತಿರುತ್ತವೆ. ಅದಕ್ಕೇ ಕೆಳಗಿನ ಯಾವ ಲಕ್ಷಣ ಕಂಡರೂ ಪಕ್ಕದ ಲಕ್ಷಣವನ್ನೂ ಒಮ್ಮೆ ನೋಡಿ.

ಮುಚ್ಚಳ ಬಿಚ್ಚುವ ಮೊದಲು

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಎಸ್‌ಎಂಪಿಎಸ್ (ವೇಗವಾಗಿ ಆನ್-ಆಫ್ ಮಾಡುತ್ತಾ ವೋಲ್ಟೇಜ್ ಬದಲಿಸುವ ಸಪ್ಲೈ) ಇರುವ ಉಪಕರಣದಲ್ಲಿ 230 ವೋಲ್ಟ್ ಕರೆಂಟು ಡಯೋಡ್ ದಾಟಿದ ಮೇಲೆ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಇರುತ್ತದೆ. 10 ಕಿಲೋ ಓಮ್, 5 ವಾಟ್ ರೆಸಿಸ್ಟರಿಗೆ ಚೆನ್ನಾಗಿ ಸ್ಲೀವ್ ಹಾಕಿದ ವೈರ್ ಬೆಸೆದಿಟ್ಟುಕೊಳ್ಳಿ. ಅದನ್ನು ಕೆಪಾಸಿಟರಿನ ಎರಡು ಕಾಲಿಗೆ 15 ಸೆಕೆಂಡ್ ಹಿಡಿದು, ಆಮೇಲೆ ಮೀಟರಿನಲ್ಲಿ ಸೊನ್ನೆ ನೋಡಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು 'ಟಪ್' ಅನ್ನಿಸುವುದು ಬೇಡ. ಕಿಡಿ ಕಣ್ಣಿಗೆ ಹಾರುತ್ತದೆ, ಕೆಪಾಸಿಟರೂ ಹಾಳು.

ಮಳೆಗಾಲದಲ್ಲಿ ನೆಲ ಬೆವರುತ್ತದೆ. ಒಣ ರಬ್ಬರ್ ಚಪ್ಪಲಿ ಇಲ್ಲದೆ ಕೂರಬೇಡಿ. ಮನೆಯಲ್ಲಿ ಇನ್ನೊಬ್ಬರು ಇರುವಾಗ ಮಾತ್ರ ಈ ಕೆಲಸ.

ಇನ್ನೊಂದು ಮಾತು. ಆಸಿಲೋಸ್ಕೋಪ್ ಪ್ರೋಬಿನ ಮೊಸಳೆ ಕ್ಲಿಪ್ ನೇರ ಅರ್ತಿಗೆ ಸೇರಿರುತ್ತದೆ. ಅದನ್ನು ಎಸ್‌ಎಂಪಿಎಸ್‌ನ ಮೇನ್ಸ್ (ಗೋಡೆಯ ಕರೆಂಟಿನ) ಬದಿಗೆ ಕಚ್ಚಿಸಿದರೆ ಫ್ಯೂಸ್, ಪ್ರೋಬ್, ಕೆಲವೊಮ್ಮೆ ಸ್ಕೋಪೇ ಹೋಗುತ್ತದೆ. ಹಳೆಯ ಟ್ಯೂಬ್ ಸ್ಕೋಪಿನ ಒಳಗಂತೂ ಸಾವಿರಗಟ್ಟಲೆ ವೋಲ್ಟ್. ಅದರ ಕುತ್ತಿಗೆಯ ಕಡೆ, ಕೆಂಪು ದಪ್ಪ ವೈರಿನ ಕಡೆ ಕೈ ಹಾಕಲೇಬೇಡಿ.

ಏನೂ ಸಿಕ್ಕಿಸದಿದ್ದರೂ ಪರದೆ ಮೇಲೆ ಗೆರೆ ದಪ್ಪ

ಇಲ್ಲಿ ಐದು ಪೈಸೆ ಖರ್ಚಿಲ್ಲದೆ ಅರ್ಧ ತೊಂದರೆ ಬಗೆಹರಿಯುತ್ತದೆ. ಪ್ರೋಬಿನ ತುದಿಯನ್ನೂ ಅದರದೇ ಕ್ಲಿಪ್ಪನ್ನೂ ಸರ್ಕ್ಯೂಟಿನ ಒಂದೇ ಗ್ರೌಂಡ್ ಜಾಗಕ್ಕೆ ಮುಟ್ಟಿಸಿ. ಒಂದೇ ಜಾಗ ಅಂದ ಮೇಲೆ ಸೊನ್ನೆ ಕಾಣಬೇಕು ಅಲ್ವಾ? ಅಲ್ಲೂ ಮುಳ್ಳು ಮುಳ್ಳಾಗಿ ಕಂಡರೆ ಆ ನಾಯ್ಸ್ ಸಪ್ಲೈಯದ್ದಲ್ಲ. ಉದ್ದದ ಗ್ರೌಂಡ್ ವೈರ್ ಏರಿಯಲ್ ತರಹ ಗಾಳಿಯಿಂದ ಹೀರುತ್ತಿದೆ. ಆ ವೈರ್ ತೆಗೆದು ತುದಿಗೆ ಚಿಕ್ಕ ಸ್ಪ್ರಿಂಗ್ ಹಾಕಿ ನೋಡಿ.

ಚಿಕ್ಕ ರಿಪಲ್ ನೋಡುವಾಗ ಪ್ರೋಬ್ ಸಿಗ್ನಲನ್ನು ಹತ್ತನೇ ಒಂದಕ್ಕೆ ಇಳಿಸುವ 10ಎಕ್ಸ್‌ನಲ್ಲಿದ್ದರೆ ಸ್ಕೋಪಿನ ಸ್ವಂತ ನಾಯ್ಸೇ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. 1ಎಕ್ಸ್‌ಗೆ ಹಾಕಿ, ಏರಿಳಿತ ಮಾತ್ರ ತೋರಿಸುವ ಎಸಿ ಕಪ್ಲಿಂಗ್ ಇಡಿ, 20 ಮೆಗಾಹರ್ಟ್ಸ್ ಮಿತಿಯ ಬಟನ್ ಇದ್ದರೆ ಒತ್ತಿ.

ಆಮೇಲೆ ಮನೆಯ ಸಾಮಾನು ಒಂದೊಂದೇ ಆರಿಸುತ್ತಾ ಬನ್ನಿ. ಫೋನ್ ಚಾರ್ಜರ್, ಎಲ್‌ಇಡಿ ಬಲ್ಬ್, ಲ್ಯಾಪ್‌ಟಾಪ್ ಅಡಾಪ್ಟರ್, ಇನ್ವರ್ಟರ್. ಒಂದು ರಾತ್ರಿ ನಾನು ಬೆಂಚ್ ಸಪ್ಲೈಯಿಂದ ಎರಡು ಒಳ್ಳೆಯ ಕೆಪಾಸಿಟರ್ ಕಿತ್ತು ಹೊಸದು ಹಾಕಿದ್ದೆ. 10 ಮಿಲಿಸೆಕೆಂಡಿಗೊಂದು ಚೂಪು ಮುಳ್ಳು, ಹೋಗಲೇ ಇಲ್ಲ. ಹತ್ತೂವರೆಗೆ ಅಮ್ಮ ಪಕ್ಕದ ಕೋಣೆಯ ಫ್ಯಾನ್ ಆರಿಸಿದರು, ಗೆರೆ ತಟ್ಟನೆ ತೆಳ್ಳಗಾಯಿತು. ಹಳೆಯ ಎಲೆಕ್ಟ್ರಾನಿಕ್ ರೆಗ್ಯುಲೇಟರ್! "ಅಮ್ಮಾ, ಇನ್ನೊಂದು ಸಲ ಫ್ಯಾನ್ ಹಾಕು" ಅಂದೆ. "ಚಳಿಗೆ ಯಾಕೋ ಫ್ಯಾನು, ಮಲಗು ಸುಮ್ನೆ" ಅಂದರು.

ಎಲ್ಲ ಆರಿಸಿದರೂ ಗೆರೆ ದಪ್ಪವೇ ಇದ್ದರೆ ಸ್ಕೋಪಿನಲ್ಲಿ ಚಿತ್ರ ಹಿಡಿದು ನಿಲ್ಲಿಸುವ ಟ್ರಿಗರನ್ನು 'ಲೈನ್'ಗೆ ಹಾಕಿ. ಚಿತ್ರ ನಿಂತರೆ ಅದು ಮೇನ್ಸಿಗೆ ಸಂಬಂಧಿಸಿದ್ದು. ತೇಲಿಕೊಂಡು ಹೋದರೆ ಸ್ವಿಚಿಂಗ್ ಸಪ್ಲೈಯದ್ದೋ ಬೇರೆ ಯಾವುದರದ್ದೋ.

ಒಂದೇ ಸಮ ಗುಡ್ಡಗಳು, ಆಡಿಯೋದಲ್ಲಿ ಗುಂಯ್

ಎರಡು ಗುಡ್ಡದ ನಡುವೆ ಎಷ್ಟು ಹೊತ್ತು ಅಂತ ಅಳೆಯಿರಿ. ನಮ್ಮ ಲೈನ್ 50 ಹರ್ಟ್ಸ್. 10 ಮಿಲಿಸೆಕೆಂಡ್ ಬಂದರೆ 100 ಹರ್ಟ್ಸ್, ಅಂದರೆ ಬ್ರಿಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್) ಸರಿಯಾಗಿದೆ, ಫಿಲ್ಟರ್ ಕೆಪಾಸಿಟರೋ ರೆಗ್ಯುಲೇಟರೋ ಸೋಲುತ್ತಿದೆ. 20 ಮಿಲಿಸೆಕೆಂಡ್ ಬಂದರೆ ಬ್ರಿಜ್ಜಿನಲ್ಲಿ ಒಂದು ಡಯೋಡ್ ಹೋಗಿರಬಹುದು, ಇಲ್ಲವೇ ಎರಡು ಉಪಕರಣ ಎರಡು ಕಡೆ ಅರ್ತ್ ಆಗಿ ನಡುವೆ ಲೂಪ್ ಆಗಿರಬಹುದು. ಲೂಪ್ ಅನುಮಾನ ಇದ್ದರೆ ಎಲ್ಲ ಪ್ಲಗ್ಗನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿ ನೋಡಿ. ಅರ್ತ್ ಪಿನ್ ಮುರಿದು ಲೂಪ್ ಬಿಡಿಸುವವರಿದ್ದಾರೆ. ಆ ಬುದ್ಧಿವಂತಿಕೆ ಬೇಡ.

100 ಹರ್ಟ್ಸ್ ಅಂತ ಗೊತ್ತಾದ ಕೂಡಲೇ ಸೋಲ್ಡರಿಂಗ್ ಐರನ್ ಹಿಡಿಯಬೇಡಿ. ಮೊದಲು ಗೋಡೆಯ ಪ್ಲಗ್ಗಿನಲ್ಲಿ ವೋಲ್ಟೇಜ್ ಅಳೆಯಿರಿ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಫೆಬ್ರವರಿ, ಮಾರ್ಚಿನಲ್ಲಿ ಸುತ್ತಲಿನ ತೋಟದವರೆಲ್ಲ ಸ್ಪ್ರಿಂಕ್ಲರ್ ಮೋಟರ್ ಹಾಕುತ್ತಾರೆ. ನನ್ನ ಬೆಂಚಿನಲ್ಲಿ ಆಗ 180 ವೋಲ್ಟ್ ನೋಡಿದ್ದೇನೆ. ಮೋಟರ್ ಎಲ್ಲ ನಿಂತ ಮೇಲೆ ನಡುರಾತ್ರಿ ಅದೇ ಪ್ಲಗ್ಗಿನಲ್ಲಿ 250.

ಒಂದು ಲೆಕ್ಕ ಹಾಕೋಣ. 15 ವೋಲ್ಟ್ ಟ್ರಾನ್ಸ್‌ಫಾರ್ಮರ್, 4700 ಮೈಕ್ರೊಫ್ಯಾರಡ್ ಕೆಪಾಸಿಟರ್, 12 ವೋಲ್ಟ್ ಕೊಡುವ 7812 ರೆಗ್ಯುಲೇಟರ್, 1 ಆಂಪಿಯರ್ ಲೋಡ್. ಲೈನ್ 230 ಇದ್ದಾಗ ಕೆಪಾಸಿಟರಿನಲ್ಲಿ ಸುಮಾರು 19.5 ವೋಲ್ಟ್. ರಿಪಲ್ ಸುಮಾರು 2 ವೋಲ್ಟ್, ಅಂದರೆ ತಗ್ಗು 17.5ಕ್ಕೆ ಇಳಿಯುತ್ತದೆ. 7812ಕ್ಕೆ ತನ್ನ ಕೆಲಸ ಮಾಡಲು ಸುಮಾರು 14 ಬೇಕು. ಆರಾಮ. ಲೈನ್ 180ಕ್ಕೆ ಇಳಿದರೆ ಕೆಪಾಸಿಟರಿನಲ್ಲಿ 15, ತಗ್ಗು 13. ಅಲ್ಲಿಗೆ ರೆಗ್ಯುಲೇಟರ್ ಕೈ ಎತ್ತುತ್ತದೆ, ಪ್ರತಿ ತಗ್ಗಿನಲ್ಲೂ ಔಟ್‌ಪುಟ್ಟಿಗೆ ಒಂದು ಕಚ್ಚು ಬೀಳುತ್ತದೆ. ಯಾವ ಬಿಡಿಭಾಗವೂ ಕೆಟ್ಟಿಲ್ಲ! ಲೈನ್ 250 ಆದರೆ ಗುಂಯ್ ಇಲ್ಲ, ಬದಲಿಗೆ 7812ರ ಮೇಲೆ 8 ವಾಟಿಗೂ ಮೀರಿ ಬಿಸಿ. ಒಂದೇ ಪೆಟ್ಟಿಗೆ, ಸಂಜೆ ನಾಯ್ಸು, ರಾತ್ರಿ ಬಿಸಿ. ಇದಕ್ಕೆ ಔಷಧ ಒಳ್ಳೆಯ ಸ್ಟೆಬಿಲೈಜರ್, ಕೆಪಾಸಿಟರ್ ಅಲ್ಲ.

ಇನ್ವರ್ಟರಿನಲ್ಲಿ ಓಡಿಸುವಾಗ ಮಾತ್ರ ತೊಂದರೆ ಇದ್ದರೆ ಅದು ಚೌಕ ಅಲೆಯ ಇನ್ವರ್ಟರಾ ನೋಡಿ. ಮೀಟರಿನಲ್ಲಿ 220 ತೋರಿಸಿದರೂ ಚೌಕ ಅಲೆಯ ಎತ್ತರ ಸೈನ್ ಅಲೆಯಷ್ಟು ಇರುವುದಿಲ್ಲ. ಹಾಗಾಗಿ ಒಳಗಿನ ಡಿಸಿ ಕಡಿಮೆಯೇ ಬರುತ್ತದೆ. ಟ್ರಾನ್ಸ್‌ಫಾರ್ಮರ್ ಗುರ್ ಅನ್ನುವುದೂ ಜಾಸ್ತಿ.

ಲೈನ್ ಸರಿಯಿದ್ದೂ ಕಚ್ಚು ಬೀಳುತ್ತಿದ್ದರೆ ಈಗ ಕೆಪಾಸಿಟರ್ ಕಡೆ ಬನ್ನಿ. ತಲೆ ಉಬ್ಬಿದೆಯಾ, ಬುಡದಲ್ಲಿ ಕಂದು ಕಲೆ ಇದೆಯಾ ನೋಡಿ. ಬುಡದ ಕಂದು ಬಣ್ಣ ಬರೀ ಹಳೆಯ ಅಂಟೂ ಆಗಿರಬಹುದು. ಆದರೆ ಅಂಟು ಹಳತಾಗಿ ಗಾಢ ಕಂದಾದರೆ ಕರೆಂಟು ಸೋರಿಸುತ್ತದೆ, ತಂತಿಯನ್ನೂ ತಿನ್ನುತ್ತದೆ. ಅದನ್ನೂ ಕೆರೆದು ತೆಗೆಯಿರಿ. ಕಣ್ಣಿಗೆ ಏನೂ ಕಾಣದಿದ್ದರೆ ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿ ಮಾಡಿ, ಅಷ್ಟೇ ಮೈಕ್ರೊಫ್ಯಾರಡ್ಡಿನ ಒಳ್ಳೆಯ ಕೆಪಾಸಿಟರನ್ನು ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ನೋಡಿ ಪಕ್ಕಕ್ಕೆ ಬೆಸೆದು ಮತ್ತೆ ಆನ್ ಮಾಡಿ. ರಿಪಲ್ ಎದ್ದು ಕಾಣುವಷ್ಟು ಇಳಿದರೆ ಹಳತು ಸತ್ತಿದೆ. ಈ ಪರೀಕ್ಷೆ ಟ್ರಾನ್ಸ್‌ಫಾರ್ಮರಿನ ಕಡಿಮೆ ವೋಲ್ಟೇಜ್ ಬದಿಗೆ ಮಾತ್ರ, 325 ವೋಲ್ಟಿನ ಕಡೆ ಅಲ್ಲ.

ಹೊಸದು ತರುವಾಗ ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು ಇರಲಿ, 105 ಡಿಗ್ರಿ ಬಿಸಿ ತಡೆಯುವುದನ್ನೇ ಕೇಳಿ. 'ದೊಡ್ಡದಿದ್ದರೆ ಇನ್ನೂ ಒಳ್ಳೆಯದು' ಅಂತ 4700 ಇದ್ದ ಕಡೆ 22000 ಹಾಕಬೇಡಿ. ಆನ್ ಮಾಡಿದ ಗಳಿಗೆಯಲ್ಲಿ ಬ್ರಿಜ್ಜಿನ ಮೇಲೆ ಹೊರೆ ಬೀಳುತ್ತದೆ.

ವೋಲ್ಟೇಜ್ ಹೊಂದಿಸಬಹುದಾದ ಎಲ್‌ಎಂ 317 ರೆಗ್ಯುಲೇಟರ್ ಇರುವ ಸಪ್ಲೈ ಆದರೆ ಅಡ್ಜಸ್ಟ್ ಕಾಲಿನಿಂದ ಗ್ರೌಂಡಿಗೆ 10 ಮೈಕ್ರೊಫ್ಯಾರಡ್ ಇದೆಯಾ ನೋಡಿ. ಅಗ್ಗದ ಕಿಟ್‌ಗಳಲ್ಲಿ ಇರುವುದಿಲ್ಲ. ಅದೊಂದನ್ನು ಹಾಕಿದರೆ ರಿಪಲ್ ಸುಮಾರು 15 ಡೆಸಿಬಲ್ ಇಳಿಯುತ್ತದೆ. ಜೊತೆಗೆ ಅಡ್ಜಸ್ಟ್ ಕಾಲಿನಿಂದ ಔಟ್‌ಪುಟ್ಟಿಗೆ ಒಂದು ಕಾವಲು ಡಯೋಡ್ ಮರೆಯಬೇಡಿ.

ಚೂಪು ಮುಳ್ಳು, ಲೈನ್ ಟ್ರಿಗರಿಗೆ ನಿಲ್ಲುವುದಿಲ್ಲ

ಇದು ಎಸ್‌ಎಂಪಿಎಸ್ ಸ್ವಿಚಿಂಗ್. ಮೇಲೆ ಹೇಳಿದ ಪ್ರೋಬ್ ಪರೀಕ್ಷೆ ಮಾಡಿ ಅದು ನಿಜವಾದ ಮುಳ್ಳು ಅಂತ ಖಾತ್ರಿ ಮಾಡಿಕೊಳ್ಳಿ. ಔಟ್‌ಪುಟ್ ವೈರ್ ಎರಡನ್ನೂ ಜಡೆ ಹೆಣೆದ ಹಾಗೆ ಹೊಸೆಯಿರಿ. ಲೋಡಿನ ಹತ್ತಿರವೇ 0.1 ಮೈಕ್ರೊಫ್ಯಾರಡ್ ಸೆರಾಮಿಕ್, ಜೊತೆಗೆ 10 ಮೈಕ್ರೊಫ್ಯಾರಡ್ ಹಾಕಿ. ಹಳೆಯ ಮಾನಿಟರ್ ಕೇಬಲ್ಲಿನ ಗಂಟಿನಂಥ ಫೆರೈಟ್ ಇದ್ದರೆ ವೈರನ್ನು ಅದಕ್ಕೆ ಎರಡು ಸುತ್ತು ಹಾಕಿ. ಇಷ್ಟಕ್ಕೆ ಬಗ್ಗದಿದ್ದರೆ ಅರ್ತ್ ಸರಿಯಿಲ್ಲದಿರಬಹುದು. ಎಸ್‌ಎಂಪಿಎಸ್‌ನ ಒಳಗಿನ ಫಿಲ್ಟರ್ ಕಸ ಚೆಲ್ಲುವುದೇ ಅರ್ತಿಗೆ. ಅರ್ತ್ ಇಲ್ಲದಿದ್ದರೆ ಅದು ಔಟ್‌ಪುಟ್ ಕಡೆಗೇ ಬರುತ್ತದೆ.

ಮುಟ್ಟಿದರೆ ಜುಮ್ ಅನ್ನುತ್ತದೆ

ಎರಡು ಪಿನ್ನಿನ ಅಡಾಪ್ಟರ್ ಇರುವ ಲೋಹದ ಪೆಟ್ಟಿಗೆ ಬೆರಳಿನ ಹಿಂಬದಿಗೆ ಲಘುವಾಗಿ ಜುಮ್ ಅಂದರೆ ಅದು ಫಿಲ್ಟರ್ ಕೆಪಾಸಿಟರಿನ ಸೋರಿಕೆ ಇರಬಹುದು. ಅರ್ತ್ ಸಿಗದ ಪೆಟ್ಟಿಗೆ ಮೀಟರಿನಲ್ಲಿ ನೂರು ವೋಲ್ಟ್ ಆಸುಪಾಸು ತೋರಿಸುವುದುಂಟು. ಮೂರು ಪಿನ್ನಿನ ಉಪಕರಣ ಜುಮ್ ಅಂದರೆ ಮಾತು ಬೇರೆ. ಒಂದೋ ನಿಮ್ಮ ಅರ್ತ್ ಸತ್ತಿದೆ, ಇಲ್ಲವೇ ಒಳಗೆ ಇನ್ಸುಲೇಶನ್ ಹೋಗಿದೆ. ಪ್ಲಗ್ ಕೀಳಿ.

ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗಿ ಕೈಕೊಡುವುದು ನಮ್ಮ ತೋಟದ ಮನೆಗಳಲ್ಲಿ ಮಾಮೂಲಿ. ಗುಂಡಿಗೆ ಆಗಾಗ ನೀರು ಸುರಿಯಿರಿ. ಮೀಟರಿನಲ್ಲಿ ಫೇಸ್‌ನಿಂದ ಅರ್ತಿಗೆ 230 ತೋರಿಸಿತು ಅಂತ ಸಮಾಧಾನ ಪಡಬೇಡಿ, ಕೂದಲೆಳೆಯಷ್ಟು ಸಂಪರ್ಕ ಇದ್ದರೂ ಮೀಟರ್ ಹಾಗೇ ತೋರಿಸುತ್ತದೆ. ಎಲೆಕ್ಟ್ರಿಷಿಯನ್ ಲೋಡ್ ಕೊಟ್ಟು ಪರೀಕ್ಷಿಸುತ್ತಾರೆ. ಅದು ಅವರ ಕೆಲಸ. ಮನೆಯಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಅದೇ ದಿನ ಹಾಕಿಸಿಕೊಳ್ಳಿ.

ಕೈ ಇಡಲಾಗದಷ್ಟು ಬಿಸಿ

ಹೊರಗಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಎಣಿಸಿ. ಹತ್ತರವರೆಗೆ ಆರಾಮಾಗಿ ಇಡಬಹುದಾದರೆ ಚಿಂತೆ ಇಲ್ಲ. ಮೂರಕ್ಕೇ ಕೈ ತೆಗೆದರೆ ಅಲ್ಲಿ 60 ಡಿಗ್ರಿಯ ಹತ್ತಿರ ಇದೆ. ಒಳಗೆ ಕೈ ಇಟ್ಟು ನೋಡುವ ಹಾಗಿಲ್ಲ. ಎಸ್‌ಎಂಪಿಎಸ್‌ನ ಕೆಲವು ಹೀಟ್‌ಸಿಂಕ್‌ಗಳಲ್ಲೇ (ಬಿಸಿ ಹೊರಹಾಕುವ ಲೋಹದ ತುಂಡು) ಮೇನ್ಸ್ ಇರುತ್ತದೆ. ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೂ ಹೊಳೆಯುವ ಅಲ್ಯೂಮಿನಿಯಮ್ಮಿಗೆ ನೇರ ಹಿಡಿದರೆ ಸುಳ್ಳು ಹೇಳುತ್ತದೆ. ಪ್ಲಗ್ ಕಿತ್ತಾಗಲೇ ಒಂದು ತುಂಡು ಕಪ್ಪು ಟೇಪ್ ಅಂಟಿಸಿಟ್ಟು, ಆಮೇಲೆ ಅದಕ್ಕೆ ಹಿಡಿಯಿರಿ.

ಮೊದಲು ಹೊದಿಕೆ ತೆಗೆಯಿರಿ. ನಗಬೇಡಿ, ನನ್ನ ಹತ್ತಿರ ಉಪಕರಣ ತರುವವರಲ್ಲಿ ಹೆಚ್ಚಿನವರ ತೊಂದರೆ ಇದೇ. ಪರಿಚಯದ ಒಬ್ಬರು ತಂದ ಬೆಂಚ್ ಸಪ್ಲೈ ಮೇಲೆ ಚಂದದ ಕಸೂತಿ ಬಟ್ಟೆ ಇತ್ತು, ಮನೆಯವರು ಹಾಕಿದ್ದಂತೆ. ಹಿಂದಿನ ಗಾಳಿ ಕಿಂಡಿಯಲ್ಲಿ ಕಣಜದ ಮಣ್ಣಿನ ಗೂಡು. ಒಳಗೆ ಫ್ಯಾನಿನ ರೆಕ್ಕೆಗೆ ಧೂಳೂ ತೇವವೂ ಸೇರಿ ಕಂಬಳಿ ತರಹ ಗಟ್ಟಿಯಾಗಿ ಕೂತಿತ್ತು, ಉಗುರಲ್ಲಿ ಹಾಳೆ ಹಾಳೆಯಾಗಿ ಎದ್ದು ಬಂತು. ಪವರ್ ಟ್ರಾನ್ಸಿಸ್ಟರ್ ಬಿಚ್ಚಿದರೆ ಅಡಿಯ ಬಿಸಿ ಸಾಗಿಸುವ ಪೇಸ್ಟ್ ಒಣಗಿ ಸುಣ್ಣದ ಪುಡಿ. ಇಷ್ಟಾದರೂ ಅದು ಓಡುತ್ತಿತ್ತು! ಬ್ರಶ್, ಒಂದು ಹೊಸ ಮೈಕಾ (ಕರೆಂಟು ತಡೆದು ಬಿಸಿ ದಾಟಿಸುವ ತೆಳು ಹಾಳೆ), ಚೂರು ಪೇಸ್ಟ್. ಅಷ್ಟಕ್ಕೇ ಅಂಗೈ ಲೆಕ್ಕ ಮೂರರಿಂದ ಹನ್ನೆರಡಕ್ಕೆ ಹೋಯಿತು. ಬಟ್ಟೆಯನ್ನು ಮಡಿಸಿ ವಾಪಸ್ ಕೊಟ್ಟೆ.

ಪೇಸ್ಟ್ ತೆಳ್ಳಗೆ ಹಚ್ಚಬೇಕು, ರೊಟ್ಟಿಗೆ ಬೆಣ್ಣೆ ಮೆತ್ತಿದ ಹಾಗಲ್ಲ. ಮೈಕಾ ಹಾಕಿ ಬಿಗಿದ ಮೇಲೆ ಟ್ರಾನ್ಸಿಸ್ಟರಿನ ಲೋಹಕ್ಕೂ ಹೀಟ್‌ಸಿಂಕಿಗೂ ಶಾರ್ಟ್ ಇಲ್ಲ ಅಂತ ಮೀಟರಿನಲ್ಲಿ ನೋಡಿಯೇ ಆನ್ ಮಾಡಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಒತ್ತಿ ಹಿಡಿದಿರಿ, ಸುಮ್ನೆ ತಿರುಗಲು ಬಿಟ್ಟರೆ ಬೇರಿಂಗ್ ಹೋಗುತ್ತದೆ. ಉಪಕರಣದ ಹಿಂದೆ ಒಂದು ಗೇಣಾದರೂ ಜಾಗ ಬಿಡಿ.

ಹತ್ತು ನಿಮಿಷ ಓಡಿ ತಾನೇ ನಿಂತು, ತಣ್ಣಗಾದ ಮೇಲೆ ಮತ್ತೆ ಶುರುವಾಗುತ್ತದಾ? ಅದು ರೆಗ್ಯುಲೇಟರ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿರುವುದು. 7805 ಥರದ್ದು ಹೀಟ್‌ಸಿಂಕ್ ಇಲ್ಲದೆ ನಿಂತಿದ್ದರೆ ಒಂದು ವಾಟಿಗೆ ಸುಮಾರು 60 ಡಿಗ್ರಿ ಏರುತ್ತದೆ. 15 ವೋಲ್ಟ್ ಕೊಟ್ಟು 5 ವೋಲ್ಟ್ ತೆಗೆಯುತ್ತಾ ಅರ್ಧ ಆಂಪಿಯರ್ ಎಳೆದರೆ 5 ವಾಟ್ ಬರೀ ಬಿಸಿಗೆ ಹೋಗುತ್ತದೆ. ಅದೇ ಕೆಲಸಕ್ಕೆ 9 ವೋಲ್ಟ್ ಕೊಟ್ಟರೆ 2 ವಾಟ್. ದೊಡ್ಡ ಹೀಟ್‌ಸಿಂಕ್ ಹುಡುಕುವುದಕ್ಕಿಂತ ಒಳಗೆ ಹೋಗುವ ವೋಲ್ಟೇಜ್ ಇಳಿಸುವುದು ಜಾಣತನ.

ಸದ್ದು: ಫ್ಯಾನಾ, ಟ್ರಾನ್ಸ್‌ಫಾರ್ಮರಾ

ಗರಗರ ಅಂದರೆ ಫ್ಯಾನ್ ಬೇರಿಂಗ್. ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಬಿಟ್ಟರೆ ಕೆಲವು ವಾರ ತಳ್ಳಬಹುದು, ಅಷ್ಟರೊಳಗೆ ಹೊಸದು ತರಿಸಿ. 'ಸೈಲೆಂಟ್' ಅಂತ ಬರೆದದ್ದು ಗಾಳಿಯನ್ನೂ ಕಡಿಮೆ ತಳ್ಳಬಹುದು. ಸದ್ದು ಹೋಗಿ ಬಿಸಿ ಬಂದರೆ ಏನು ಲಾಭ? ಹಾಕುವಾಗ ಬದಿಯ ಬಾಣದ ಗುರುತು ಹಳೆಯದರ ಹಾಗೇ ಇದೆಯಾ ನೋಡಿ.

ಗುಂಯ್ ಅಂದರೆ ಟ್ರಾನ್ಸ್‌ಫಾರ್ಮರ್. ಸ್ಕ್ರೂ ಬಿಗಿ ಮಾಡಿ, ಲೈನ್ ವೋಲ್ಟೇಜ್ ನೋಡಿ. ಇದ್ದಕ್ಕಿದ್ದ ಹಾಗೆ ಗುಂಯ್ ಜಾಸ್ತಿಯಾಗಿ ವಾರ್ನಿಷ್ ಸುಟ್ಟ ವಾಸನೆ ಬಂದರೆ ಒಳಗೆ ಸುತ್ತು ಶಾರ್ಟ್ ಆಗಿದೆ, ತಕ್ಷಣ ಆರಿಸಿ.

ಮಳೆಗಾಲದಲ್ಲಿ ಮಾತ್ರ ತೊಂದರೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಳತೆ ಅಲುಗಾಡುತ್ತದೆ, ಆನ್ ಮಾಡಿ ಅರ್ಧ ಗಂಟೆಯಾದರೆ ಸರಿಯಾಗುತ್ತದೆ ಅಂದರೆ ಬೋರ್ಡಿನ ಮೇಲೆ ತೇವ ಕೂತಿದೆ. ಧೂಳು ಆ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಶ್ಶಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಹತ್ತಿರ ಬೆಂಕಿ, ಒಲೆ ಬೇಡ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಟ್ಟ ಸಿಗ್ನಲ್ ಜನರೇಟರ್ ಒಂದು ನನ್ನ ಹತ್ತಿರ ಬಂದಿತ್ತು. ಒಣಗಿತ್ತು ನಿಜ, ನಾಬ್ ಎಲ್ಲ ಕರಗಿತ್ತು, ಒಳಗೆಲ್ಲ ಹೊಗೆಯ ಜಿಡ್ಡು.

ಬಳಸದೆ ಇಡುವುದಾದರೆ ಬಾಗಿಲಿರುವ ಕಪಾಟಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ವಾರಕ್ಕೊಮ್ಮೆ ಹೊರಗೆ ತೆಗೆದು ಒಂದು ಗಂಟೆ ಓಡಿಸಿ, ಎಲೆಕ್ಟ್ರೋಲಿಟಿಕ್‌ಗೂ ಅದು ಒಳ್ಳೆಯದು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಟ್ರಾನ್ಸ್‌ಫಾರ್ಮರ್ ಸಪ್ಲೈಯನ್ನು ನೇರ ಪ್ಲಗ್ಗಿಗೆ ಹಾಕಬೇಡಿ. 60 ವಾಟಿನ ಹಳೆಯ ಫಿಲಮೆಂಟ್ ಬಲ್ಬಿನ ಸೀರೀಸ್ ಬೋರ್ಡಿನಲ್ಲಿ (ಕರೆಂಟು ಬಲ್ಬ್ ದಾಟಿಯೇ ಬರುವ ಬೋರ್ಡ್) ಮೊದಲು ಹಾಕಿ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್. ಏಪ್ರಿಲ್, ಮೇ ಗುಡುಗಿಗಂತೂ ಮೋಡ ಕಂಡ ಕೂಡಲೇ ಪ್ಲಗ್ ಕಿತ್ತಿಡಿ.

ಯಾವಾಗ ಕೈ ಬಿಡಬೇಕು

ಫ್ಯೂಸ್ ಹೋದರೆ ಅದೇ ಆಂಪಿಯರಿನದ್ದು ಒಂದೇ ಸಲ ಹಾಕಿ ನೋಡಿ. ಹಳೆಯ ಫ್ಯೂಸಿನ ಗಾಜು ಸ್ವಚ್ಛವಾಗಿದ್ದು ತಂತಿ ನಡುವೆ ಕಡಿದಿದ್ದರೆ ಆಸೆ ಇದೆ. ಗಾಜು ಒಳಗಿನಿಂದ ಕಪ್ಪಾಗಿ ಬೆಳ್ಳಿ ಬಳಿದ ಹಾಗಿದ್ದರೆ ಗಟ್ಟಿ ಶಾರ್ಟ್, ಹೊಸದು ಹಾಕುವುದೇ ಬೇಡ. ವೈರಿನ ಎಳೆ ಸುತ್ತಿ ಓಡಿಸುವ ಚಾಳಿ ನಮ್ಮಲ್ಲಿ ಬಹಳ. ಅಲ್ಲಿ ಮುಂದೆ ಉರಿಯುವುದು ಟ್ರಾನ್ಸ್‌ಫಾರ್ಮರ್. ಎರಡನೇ ಫ್ಯೂಸ್ ಹೋದರೆ, ಮೀನಿನ ವಾಸನೆ ಅಥವಾ ಹೊಗೆ ಬಂದರೆ, ಮೂರು ಪಿನ್ನಿನದ್ದು ಶಾಕ್ ಹೊಡೆದರೆ, ತೊಂದರೆ 325 ವೋಲ್ಟಿನ ಬದಿಯಲ್ಲಿದೆ ಅನ್ನಿಸಿದರೆ ಅಲ್ಲಿಗೆ ನಿಲ್ಲಿಸಿ.

ರಿಪೇರಿಗೆ ಕೊಡುವಾಗ ಒಂದು ಚೀಟಿ ಅಂಟಿಸಿ ಕೊಡಿ: ಆ ಹೊತ್ತಿನ ಲೈನ್ ವೋಲ್ಟೇಜ್, ಲೋಡ್ ಎಷ್ಟಿತ್ತು, ಗುಡ್ಡ 10 ಮಿಲಿಸೆಕೆಂಡಾ 20ಆ, ಆನ್ ಮಾಡಿ ಎಷ್ಟು ಹೊತ್ತಿಗೆ ಶುರುವಾಯಿತು, ನೀವೇ ಏನೇನು ಬಿಚ್ಚಿ ಬದಲಾಯಿಸಿದಿರಿ. ಕೊನೆಯದನ್ನು ಬರೆಯಲು ಎಲ್ಲರಿಗೂ ನಾಚಿಕೆ. ಬಿಚ್ಚಿದವನಿಗೆ ಮೊದಲು ಕಾಣುವುದು ಅದೇ, ಹಾಗಾಗಿ ಬರೆದುಬಿಡಿ.